ಬುತ್ತಿ ಕಟ್ಟಿಕೊಟ್ಟವರು ಯಾರು?

ಯಹೂದಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಪ್ಯಾಲೆಸ್ತೀನ್. ಅದು ಸಹಜವೇ. 2023ರ ಅಕ್ಟೋಬರ್ ನಂತರ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತದ್ದನ್ನು ಕಂಡ ಮೇಲೆ ಆ ನೆನಪು ಇನ್ನಷ್ಟು ಕಹಿಯಾಗಿದೆ. ಆದರೆ ಒಂದು ಸಮುದಾಯದ ಇಡೀ ಚರಿತ್ರೆಯನ್ನು ಒಂದು ಸರಕಾರದ ಕೃತ್ಯಗಳಿಗೆ ಕಟ್ಟಿಹಾಕುವುದು ಎಂಥ ಅನ್ಯಾಯವೆಂಬುದು ನಮಗೆ ಗೊತ್ತು. ಎಲ್ಲೋ ಯಾರೋ ಮಾಡಿದ್ದಕ್ಕೆ ಇಲ್ಲಿ ನಿಂತು ಉತ್ತರ ಹೇಳಬೇಕಾದ ಕಷ್ಟವನ್ನು ನಾವೂ ಉಂಡಿದ್ದೇವೆ. ಆದ್ದರಿಂದ ಯಹೂದಿ ಚರಿತ್ರೆಯಲ್ಲಿ ಹೆಚ್ಚು ಚರ್ಚೆಯಾಗದ ಒಂದು ಎಳೆಯನ್ನು ಇಲ್ಲಿ ಹಿಡಿದು ನೋಡೋಣ. ಅದು ಆ ಸಮುದಾಯದ ತರುಣ ತರುಣಿಯರು ಸೇವೆಗೆಂದು ಪರದೇಶಗಳಿಗೆ ಹೋದ ಕಥೆ. ಅದಕ್ಕಿಂತ ಮುಖ್ಯವಾಗಿ, ಅವರ ಖರ್ಚನ್ನು ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬ ಕಥೆ.

ಜಗತ್ತಿನಲ್ಲಿ ಯಹೂದಿಗಳ ಒಟ್ಟು ಸಂಖ್ಯೆ ಒಂದೂವರೆ ಕೋಟಿಗಿಂತ ಸ್ವಲ್ಪ ಹೆಚ್ಚು. 2011ರ ಜನಗಣತಿಯ ಕರ್ನಾಟಕದ ಜನಸಂಖ್ಯೆಯ ಸುಮಾರು ಕಾಲು ಭಾಗ ಅಷ್ಟೆ. ಅವರಲ್ಲಿ ಹೆಚ್ಚಿನವರು ಇಸ್ರೇಲ್ ಮತ್ತು ಅಮೆರಿಕ ಈ ಎರಡು ದೇಶಗಳಲ್ಲೇ ಇದ್ದಾರೆ. ಅಮೆರಿಕದ ಒಬ್ಬ ಯಹೂದಿ ಹುಡುಗಿ ಪದವಿ ಮುಗಿಸಿ ಒಂದು ವರ್ಷ ಮುಂಬಯಿಯ ಕೊಳೆಗೇರಿಯಲ್ಲೋ ಆಫ್ರಿಕದ ಹಳ್ಳಿಯಲ್ಲೋ ಕೆಲಸ ಮಾಡುತ್ತೇನೆಂದು ಹೊರಟರೆ ವಿಮಾನದ ಟಿಕೆಟ್ಟು, ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲಕ್ಕೂ ಹಣ ಬೇಕು. ಕಾಲೇಜಿಗಾಗಿ ಮಾಡಿದ ಸಾಲ ಬೇರೆ ತಲೆಯ ಮೇಲಿರುತ್ತದೆ. ಸೇವೆ ಮಾಡುವ ಮನಸ್ಸು ಬಡವರಿಗೂ ಇರುತ್ತದೆ. ಆದರೆ ಸಂಬಳವಿಲ್ಲದೆ ಒಂದು ವರ್ಷ ಬದುಕುವ ಅನುಕೂಲ ಉಳ್ಳವರಿಗೆ ಮಾತ್ರ ಇರುತ್ತದೆ. ಈ ಅಂತರವನ್ನು ತುಂಬಲಿಕ್ಕೆಂದೇ ವಿದ್ಯಾರ್ಥಿವೇತನಗಳು, ಫೆಲೋಶಿಪ್‌ಗಳು, ದತ್ತಿನಿಧಿಗಳು ಹುಟ್ಟಿದವು. ಉರ್ದುವಿನಲ್ಲಿ ಇದಕ್ಕೆ ಜಾದೇ ರಾಹ್ ಎಂಬ ಮಾತಿದೆ. ಕನ್ನಡದಲ್ಲಿ ಬುತ್ತಿ ಎನ್ನಬಹುದು. ಬುತ್ತಿ ಕಟ್ಟಿಕೊಟ್ಟವರು ಎಷ್ಟೋ ಸಲ ದಾರಿಯನ್ನೂ ತೋರಿಸಿರುತ್ತಾರೆ. ಈ ಚರಿತ್ರೆಯಲ್ಲಿ ನಾವು ಗಮನಿಸಬೇಕಾದದ್ದು ಈ ಸಂಗತಿಯನ್ನೇ.

ಮೊದಲು ದಾನದ ಕಲ್ಪನೆಯನ್ನು ನೋಡೋಣ. ಹೀಬ್ರೂವಿನ ತ್ಸೆದಾಕಾ ಮತ್ತು ಅರಬಿಯ ಸದಕಾ ಒಂದೇ ಮೂಲದಿಂದ ಬಂದ ಅಕ್ಕತಂಗಿ ಪದಗಳು. ಅರಬಿಯಲ್ಲಿ ಅದರ ನಂಟು ಸತ್ಯದೊಂದಿಗೆ, ಹೀಬ್ರೂವಿನಲ್ಲಿ ನ್ಯಾಯದೊಂದಿಗೆ. ಅಂದರೆ ಕೊಡುವುದು ಉಳ್ಳವರ ಔದಾರ್ಯವಲ್ಲ, ಇಲ್ಲದವರಿಗೆ ಸಲ್ಲಬೇಕಾದ ಬಾಕಿ. ಈ ವಿಚಾರವನ್ನು ವ್ಯವಸ್ಥಿತವಾಗಿ ಬಿಡಿಸಿ ಹೇಳಿದವನು 12ನೇ ಶತಮಾನದ ಮೂಸಾ ಇಬ್ನ್ ಮೈಮೂನ್. ಪಶ್ಚಿಮದವರು ಅವನನ್ನು ಮೈಮೊನಿಡಿಸ್ ಎನ್ನುತ್ತಾರೆ. ಸ್ಪೇನಿನ ಕೊರ್ಡೋಬದಲ್ಲಿ ಹುಟ್ಟಿ, ಕೈರೋದಲ್ಲಿ ಸುಲ್ತಾನ್ ಸಲಾಹುದ್ದೀನನ ಆಸ್ಥಾನದ ವೈದ್ಯನಾಗಿ ಬಾಳಿ, 1204ರಲ್ಲಿ ತೀರಿಕೊಂಡವನು. ತನ್ನ ಬಹುಪಾಲು ಕೃತಿಗಳನ್ನು ಅರಬಿಯಲ್ಲೇ ಬರೆದನು. ಹೀಬ್ರೂವಿನಲ್ಲಿ ಬರೆದ ಧರ್ಮಸಂಹಿತೆಯಲ್ಲಿ ಅವನು ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳುತ್ತಾನೆ. ಒಲ್ಲದ ಮನಸ್ಸಿನಿಂದ ಕೊಡುವುದು ಕೆಳಗಿನ ಮೆಟ್ಟಿಲು. ಕೊಟ್ಟವರು ಯಾರೆಂದು ಪಡೆದವರಿಗೆ, ಪಡೆದವರು ಯಾರೆಂದು ಕೊಟ್ಟವರಿಗೆ ತಿಳಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಬಿದ್ದವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಅವನು ಮತ್ತೆ ಕೈಚಾಚದಂತೆ ಮಾಡುವುದು.

ಆ ಮೇಲಿನ ಮೆಟ್ಟಿಲಿನಿಂದ ಒಂದು ಸಂಸ್ಥೆಯೇ ಬೆಳೆಯಿತು. 1892ರಲ್ಲಿ ನ್ಯೂಯಾರ್ಕಿನಲ್ಲಿ ಹೀಬ್ರೂ ಫ್ರೀ ಲೋನ್ ಸೊಸೈಟಿ ಹುಟ್ಟಿತು. ರಷ್ಯ, ಪೋಲೆಂಡುಗಳಿಂದ ಬರಿಗೈಲಿ ಬಂದಿಳಿದವರಿಗೆ ಬಡ್ಡಿಯಿಲ್ಲದ ಸಣ್ಣ ಸಾಲ ಕೊಡುವುದು ಅದರ ಕೆಲಸ. ತೋರಾದಲ್ಲೂ ಬಡವನಿಂದ ಬಡ್ಡಿ ಕಸಿಯುವುದಕ್ಕೆ ನಿಷೇಧವಿದೆ. ನಾವು ಕರ್ಜೆ ಹಸನಾ ಎನ್ನುವುದು ಇದನ್ನೇ. ಅಮೆರಿಕದ ಹಲವು ನಗರಗಳಲ್ಲಿ ಇಂಥ ಸೊಸೈಟಿಗಳು ಇಂದಿಗೂ ಇವೆ. ನ್ಯೂಯಾರ್ಕಿನದು ಯಹೂದಿಗಳಲ್ಲದವರಿಗೂ ಸಾಲ ಕೊಡುತ್ತದೆ. ಇದರ ಶಿಸ್ತು ಸರಳವಾದದ್ದು. ಒಬ್ಬರು ತೀರಿಸಿದ ಹಣ ಇನ್ನೊಬ್ಬರ ಕೈಗೆ ಹೋಗುತ್ತದೆ. ಜಾಮೀನು ನಿಂತವರ ಮಾತೇ ಆಧಾರ.

ಯುವಕರನ್ನು ಹಣ ಕೊಟ್ಟು ಓದಿಸಿ, ಪರದೇಶದ ಸೇವೆಗೆ ಕಳಿಸುವ ದೊಡ್ಡ ಪ್ರಯತ್ನ ನಡೆದದ್ದು ಫ್ರಾನ್ಸಿನಲ್ಲಿ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಅಲಿಯಾನ್ಸ್ ಇಸ್ರಾಯೆಲಿತ್ ಯೂನಿವರ್ಸೆಲ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ಶಾಲೆ 1862ರಲ್ಲಿ ಮೊರಾಕ್ಕೊದ ತೆತುವಾನ್ ಪಟ್ಟಣದಲ್ಲಿ ತೆರೆಯಿತು. ಮುಂದೆ ಇಸ್ತಾಂಬುಲ್, ಬಗ್ದಾದ್, ಟೆಹರಾನ್ ಹೀಗೆ ಮುಸ್ಲಿಂ ಆಳ್ವಿಕೆಯ ನಾಡುಗಳ ಯಹೂದಿ ಕೇರಿಗಳಲ್ಲಿ ಶಾಲೆಗಳ ದೊಡ್ಡ ಜಾಲವೇ ಬೆಳೆಯಿತು. ಕೆಲವು ಶಾಲೆಗಳಲ್ಲಿ ಮುಸ್ಲಿಂ ಮಕ್ಕಳೂ ಕಲಿತರು. ಇಷ್ಟೊಂದು ಶಾಲೆಗಳಿಗೆ ಶಿಕ್ಷಕರನ್ನು ಎಲ್ಲಿಂದ ತರುವುದು? 1867ರಲ್ಲಿ ಪ್ಯಾರಿಸ್ಸಿನಲ್ಲೇ ಒಂದು ಶಿಕ್ಷಕರ ತರಬೇತಿ ಶಾಲೆ ಶುರುವಾಯಿತು. ಮೊರಾಕ್ಕೊ, ತುರ್ಕಿ, ಇರಾಕುಗಳ ಶಾಲೆಗಳಲ್ಲಿ ಚೆನ್ನಾಗಿ ಓದುವ ಹುಡುಗ ಹುಡುಗಿಯರನ್ನು ಸಂಸ್ಥೆಯ ಖರ್ಚಿನಲ್ಲಿ ಪ್ಯಾರಿಸ್ಸಿಗೆ ಕರೆಸಿ, ಕೆಲವು ವರ್ಷ ಓದಿಸಿ, ಶಿಕ್ಷಕರನ್ನಾಗಿ ಮಾಡಿ, ಎಷ್ಟೋ ವೇಳೆ ಅವರ ಊರಲ್ಲದ ಬೇರೆ ನಾಡಿಗೆ ಕಳಿಸುತ್ತಿದ್ದರು. ತುರ್ಕಿಯ ಹುಡುಗಿ ಮೊರಾಕ್ಕೊದಲ್ಲಿ, ಮೊರಾಕ್ಕೊದ ಹುಡುಗ ಇರಾಕಿನಲ್ಲಿ ಪಾಠ ಹೇಳುವಂಥ ಏರ್ಪಾಟು ಅದು.

ಇದಕ್ಕೆ ಹಣ ಎಲ್ಲಿಂದ ಬಂತು? ಸಾವಿರಾರು ಸದಸ್ಯರ ಸಣ್ಣ ಚಂದಾ ಒಂದು ಕಡೆ, ದೊಡ್ಡ ಧನಿಕರ ದೇಣಿಗೆ ಇನ್ನೊಂದು ಕಡೆ. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ರೈಲುದಾರಿ ಹಾಕಿಸಿ ಶ್ರೀಮಂತನಾದ ಬ್ಯಾರನ್ ಮೋರಿಸ್ ದ ಹಿರ್ಶ್ 1870ರ ದಶಕದಲ್ಲಿ ಅಲ್ಲಿನ ಶಾಲೆಗಳಿಗೆಂದು ಹತ್ತು ಲಕ್ಷ ಫ್ರಾಂಕ್ ಕೊಟ್ಟನು. ಬಗ್ದಾದಿನ ಶಾಲೆಯ ಕಟ್ಟಡಕ್ಕೆ ಹಣ ಹೋದದ್ದು ನಮ್ಮ ಮುಂಬಯಿಯಿಂದ. ಬಗ್ದಾದ್ ಬಿಟ್ಟು ಬಂದು ಮುಂಬಯಿಯಲ್ಲಿ ನೆಲೆನಿಂತ ಡೇವಿಡ್ ಸಾಸೂನನ ಮಗ ಆಲ್ಬರ್ಟ್ ಅಬ್ದುಲ್ಲಾ ಸಾಸೂನ್ ಆ ದಾನಿ. ಸಾಸೂನರ ಸಂಪತ್ತು ಹತ್ತಿಯ ಜತೆಗೆ ಚೀನಾಕ್ಕೆ ಸಾಗಿದ ಅಫೀಮಿನಿಂದಲೂ ಬಂದದ್ದು ಎಂಬುದನ್ನು ಮರೆಯಬಾರದು. ಒಂದು ಕಡೆ ಮನೆ ಮುರಿದ ಹಣ ಇನ್ನೊಂದು ಕಡೆ ಶಾಲೆ ಕಟ್ಟಿತು. ದಾನದ ಚರಿತ್ರೆಯಲ್ಲಿ ಇಂಥ ತೊಡಕು ಎಲ್ಲ ಸಮುದಾಯಗಳಲ್ಲೂ ಇದೆ.

ಅಲಿಯಾನ್ಸಿನ ಇನ್ನೊಂದು ತೊಡಕು ಭಾಷೆಯದು. ಪ್ಯಾರಿಸ್ಸಿನ ಹಣ ಪ್ಯಾರಿಸ್ಸಿನ ದೃಷ್ಟಿಯನ್ನೂ ತಂದಿತು. ಶಾಲೆಗಳಲ್ಲಿ ಫ್ರೆಂಚ್ ಮುಖ್ಯವಾಯಿತು. ಮಕ್ಕಳ ಮನೆಮಾತುಗಳಾದ ಅರಬಿ, ಲದೀನೋಗಳು ಹಿಂದುಳಿದವರ ಭಾಷೆಗಳೆನಿಸಿದವು. ಶತಮಾನಗಳಿಂದ ಮುಸ್ಲಿಂ ನೆರೆಹೊರೆಯವರ ಮಾತನ್ನೇ ಆಡುತ್ತಿದ್ದ ಯಹೂದಿ ಮಕ್ಕಳು ಮೆಲ್ಲಗೆ ಆ ನೆರೆಯಿಂದ ದೂರವಾದರು. ಅದೇ ಶಾಲೆಗಳಿಂದ ಹೆಣ್ಣುಮಕ್ಕಳು ಓದಿ ಶಿಕ್ಷಕಿಯರಾಗಿ ಸಮುದ್ರ ದಾಟಿದ್ದೂ ನಿಜ. ಲಾಭವನ್ನೂ ನಷ್ಟವನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು.

ಮುಂದಿನ ಹೆಜ್ಜೆ ಅಮೆರಿಕದ್ದು. 1914ರ ಆಗಸ್ಟ್ ಕೊನೆಯಲ್ಲಿ ಇಸ್ತಾಂಬುಲ್‌ನಲ್ಲಿದ್ದ ಅಮೆರಿಕದ ರಾಯಭಾರಿ ಹೆನ್ರಿ ಮಾರ್ಗೆಂಥೋ ನ್ಯೂಯಾರ್ಕಿನ ಬ್ಯಾಂಕರ್ ಜೇಕಬ್ ಶಿಫ್‌ಗೆ ಒಂದು ತಂತಿ ಕಳಿಸಿದರು. ಯುದ್ಧದಿಂದಾಗಿ ಪ್ಯಾಲೆಸ್ತೀನಿನ ಯಹೂದಿಗಳು ಹಸಿದಿದ್ದಾರೆ, 50,000 ಡಾಲರ್ ಬೇಕು ಎಂಬುದು ಅದರ ಸಾರ. ಹಣ ಕೂಡಿತು. ಆದರೆ ಕೂಡಿಸಿದವರು ಒಂದೇ ಪಂಗಡದವರಲ್ಲ. ಸಂಪ್ರದಾಯಸ್ಥರದು ಒಂದು ಸಮಿತಿ, ಸಿರಿವಂತ ಜರ್ಮನ್ ಮೂಲದವರದು ಒಂದು, ಕಾರ್ಮಿಕರದು ಇನ್ನೊಂದು. ಒಬ್ಬರ ಪ್ರಾರ್ಥನಾ ಮಂದಿರಕ್ಕೆ ಇನ್ನೊಬ್ಬರು ಕಾಲಿಡದಂಥ ಭಿನ್ನಾಭಿಪ್ರಾಯ ಇದ್ದವರು. ಸಂಗ್ರಹ ಬೇರೆ ಬೇರೆಯಾದರೂ ಹಂಚಿಕೆ ಜಂಟಿಯಾಗಿರಲಿ ಎಂದು ಒಪ್ಪಿಕೊಂಡರು. ಹಾಗೆ ಹುಟ್ಟಿದ್ದು ಅಮೆರಿಕನ್ ಜ್ಯೂಯಿಷ್ ಜಾಯಿಂಟ್ ಡಿಸ್ಟ್ರಿಬ್ಯೂಷನ್ ಕಮಿಟಿ. ಜನ ಅದನ್ನು ಇವತ್ತಿಗೂ ಬರಿದೆ ಜಾಯಿಂಟ್ ಎನ್ನುತ್ತಾರೆ. ದೇವಬಂದಿ, ಬರೇಲ್ವಿ, ಅಹ್ಲೆ ಹದೀಸ್ ಎಂದು ಪ್ರತ್ಯೇಕ ರಸೀದಿ ಪುಸ್ತಕ ಹಿಡಿದು ಓಡಾಡುವ ನಮಗೆ ಈ ಹೆಸರಿನಲ್ಲೇ ಒಂದು ಪಾಠವಿದೆ.

1980ರ ದಶಕದಲ್ಲಿ ಜಾಯಿಂಟ್ ಸಂಸ್ಥೆ ತನ್ನದೇ ಒಂದು ಸೇವಾದಳವನ್ನು ಆರಂಭಿಸಿತು. ಇಪ್ಪತ್ತರ ಹರೆಯದ ಯಹೂದಿಗಳನ್ನು ಸುಮಾರು ಒಂದು ವರ್ಷದ ಮಟ್ಟಿಗೆ ಪೂರ್ವ ಯುರೋಪ್, ಇಥಿಯೋಪಿಯ, ಭಾರತದಂಥ ಕಡೆಗಳಿಗೆ ಕಳಿಸುವುದು ಅದರ ಕ್ರಮ. ಪ್ರಯಾಣ, ವಸತಿ, ಜೀವನವೆಚ್ಚ, ವಿಮೆ ಸಂಸ್ಥೆಯದೇ. ಇದಕ್ಕೆ ಮೊದಲೇ 1961ರಲ್ಲಿ ಅಮೆರಿಕ ಸರಕಾರ ಪೀಸ್ ಕೋರ್ ಸ್ಥಾಪಿಸಿ, ಯುವಕರ ಖರ್ಚನ್ನು ಸರಕಾರವೇ ಹೊತ್ತು ಬಡದೇಶಗಳಿಗೆ ಕಳಿಸುವ ಮಾದರಿಯನ್ನು ತೋರಿಸಿಕೊಟ್ಟಿತ್ತು. ಆ ತರುಣರು ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದಿದ್ದರು. ಸರಕಾರ ಮಾಡಿದ್ದನ್ನು ಒಂದು ಸಮುದಾಯ ತನ್ನ ಸ್ವಂತ ಹಣದಿಂದ ಮಾಡಬಹುದೇ ಎಂಬುದು ಯಹೂದಿ ಸಂಸ್ಥೆಗಳ ಮುಂದಿದ್ದ ಪ್ರಶ್ನೆ.

1985ರಲ್ಲಿ ಬೋಸ್ಟನ್ನಿನಲ್ಲಿ ಹುಟ್ಟಿದ ಅಮೆರಿಕನ್ ಜ್ಯೂಯಿಷ್ ವರ್ಲ್ಡ್ ಸರ್ವಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಹೂದಿಗಳ ಹಣ ಯಹೂದಿಗಳಿಗೆ ಮಾತ್ರ ಏಕೆ ಎಂದು ಅದು ಕೇಳಿತು. ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ಬಡವರನ್ನು, ಅವರ ಧರ್ಮ ನೋಡದೆ, ತನ್ನ ಕೆಲಸಕ್ಕೆ ಆರಿಸಿಕೊಂಡಿತು. 1998ರಿಂದ 2016ರವರೆಗೆ ಇದನ್ನು ಮುನ್ನಡೆಸಿದವರು ರೂತ್ ಮೆಸಿಂಜರ್ ಎಂಬ ಮಹಿಳೆ. ನ್ಯೂಯಾರ್ಕಿನ ಮೇಯರ್ ಚುನಾವಣೆಯಲ್ಲಿ 1997ರಲ್ಲಿ ಸೋತು ಈ ಕೆಲಸಕ್ಕೆ ಬಂದವರು. 2004ರಲ್ಲಿ ಸುಡಾನಿನ ದಾರ್ಫರ್‌ನಲ್ಲಿ ಮುಸ್ಲಿಮರೇ ಮುಸ್ಲಿಮರನ್ನು ಕೊಲ್ಲುತ್ತಿದ್ದಾಗ, ಅಮೆರಿಕದಲ್ಲಿ ದಾರ್ಫರ್ ಉಳಿಸಿ ಎಂಬ ಒಕ್ಕೂಟ ಕಟ್ಟುವುದರಲ್ಲಿ ಈ ಸಂಸ್ಥೆ ಮುಂದಿತ್ತು. ಆ ದಿನಗಳಲ್ಲಿ ಮುಸ್ಲಿಂ ಜಗತ್ತಿನ ಎಷ್ಟು ಸರಕಾರಗಳು ಬಾಯಿ ತೆರೆದವು ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಈ ಸಂಸ್ಥೆ ನಡೆಸುತ್ತಿದ್ದ ಒಂದು ಫೆಲೋಶಿಪ್‌ನಲ್ಲಿ ಯಹೂದಿ ಪದವೀಧರರು ಭಾರತಕ್ಕೆ ಬಂದು ಸ್ಥಳೀಯ ಸ್ವಯಂಸೇವಾ ಸಂಘಗಳಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿದರು. ಆದರೆ 2010ರ ದಶಕದಲ್ಲಿ ಸಂಸ್ಥೆ ಸ್ವಯಂಸೇವಕರನ್ನು ಕಳಿಸುವುದನ್ನೇ ನಿಲ್ಲಿಸಿ, ಆಯಾ ದೇಶಗಳ ಜನಸಂಘಟನೆಗಳಿಗೆ ನೇರವಾಗಿ ಅನುದಾನ ಕೊಡುವುದಕ್ಕೂ ಅಮೆರಿಕದಲ್ಲಿ ಅವರ ಪರವಾಗಿ ದನಿಯೆತ್ತುವುದಕ್ಕೂ ಒತ್ತು ಕೊಟ್ಟಿತು. ಇಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿದೆ. ಭಾಷೆ ಬಾರದ ತರುಣನೊಬ್ಬನನ್ನು ಕೆಲವು ವಾರಗಳಿಗೆ ಕರೆತರುವ ಖರ್ಚಿನಲ್ಲಿ ಊರಿನವರೇ ಆದ ಶಿಕ್ಷಕಿಗೆ ಎಷ್ಟು ತಿಂಗಳ ಸಂಬಳ ಕೊಡಬಹುದು? ಸೇವೆ ಪಡೆದವರಿಗಿಂತ ಸೇವೆ ಮಾಡಿದವರಿಗೇ ಹೆಚ್ಚು ಲಾಭವಾದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ಯಹೂದಿಗಳಿಗೆ ಮಾತ್ರ ಸೇರಿದ್ದಲ್ಲ. ಪರದೇಶಕ್ಕೆ ಸೇವೆಗೆ ಹೋಗುವ ಎಲ್ಲರನ್ನೂ ಅದು ಕಾಡುತ್ತದೆ.

ಇದಕ್ಕೆ ಒಂದು ಉತ್ತರ ರುವಾಂಡದಲ್ಲಿ ಸಿಗುತ್ತದೆ. 1994ರ ನರಮೇಧದ ನಂತರ ಆ ದೇಶದಲ್ಲಿ ಲಕ್ಷಾಂತರ ಮಕ್ಕಳು ಅನಾಥರಾದರು. ಹಿಟ್ಲರನ ಕಾಲದ ಕೊಲೆಗಳಿಂದ ಬದುಕಿ ಉಳಿದ ಮಕ್ಕಳಿಗೆಂದು ಇಸ್ರೇಲಿನಲ್ಲಿ ಕಟ್ಟಿದ್ದ ಯುವಗ್ರಾಮಗಳ ಮಾದರಿಯನ್ನು ನೋಡಿ, ದಕ್ಷಿಣ ಆಫ್ರಿಕ ಮೂಲದ ಯಹೂದಿ ವಕೀಲೆ ಆನ್ ಹೇಮನ್ ಹಣ ಕೂಡಿಸಿ, 2008ರಲ್ಲಿ ಅಗಹೋಝೋ ಶಾಲೋಮ್ ಎಂಬ ಗ್ರಾಮವನ್ನು ತೆರೆದರು. ಮೊದಲ ಪದ ರುವಾಂಡದ ಭಾಷೆಯದು, ಕಣ್ಣೀರು ಒರೆಸುವ ಜಾಗ ಎಂದು ಅದರ ಅರ್ಥ. ಎರಡನೆಯದು ಹೀಬ್ರೂ, ನಮ್ಮ ಸಲಾಮ್. ಅಲ್ಲಿ ಮಕ್ಕಳ ತಾಯಂದಿರಾಗಿ, ಶಿಕ್ಷಕರಾಗಿ ನಿಂತವರು ರುವಾಂಡದವರೇ. ಹೊರಗಿನಿಂದ ಫೆಲೋಶಿಪ್ ಪಡೆದು ಬಂದ ತರುಣರು ಒಂದು ವರ್ಷ ಇದ್ದು ಅವರಿಗೆ ನೆರವಾದರು. ಕೊಟ್ಟವರ ನೋವಿನ ನೆನಪು ಪಡೆದವರ ನೋವಿಗೆ ಹತ್ತಿರವಾಗಿತ್ತು.

ಮುಂಬಯಿಗೂ ಈ ಕಥೆ ಬರುತ್ತದೆ. ಅಲ್ಲಿನ ಬೆನೆ ಇಸ್ರೇಲ್ ಸಮುದಾಯ ಮರಾಠಿ ಮಾತಾಡುವ ಯಹೂದಿಗಳದು. 1948ರ ನಂತರ ಬಹಳ ಜನ ಇಸ್ರೇಲಿಗೆ ಹೋದರು. ಉಳಿದವರಲ್ಲಿ ವೃದ್ಧರನ್ನು ನೋಡಿಕೊಳ್ಳಲು, ಮಕ್ಕಳಿಗೆ ಕಲಿಸಲು ಜಾಯಿಂಟ್ ಸಂಸ್ಥೆಯ ಯುವ ಸ್ವಯಂಸೇವಕರು ಬರುತ್ತಿದ್ದರು. 2012ರಲ್ಲಿ ಶುರುವಾದ ಗೇಬ್ರಿಯಲ್ ಪ್ರಾಜೆಕ್ಟ್ ಮುಂಬಯಿ ಎಂಬ ಸಂಸ್ಥೆ ಹೊರದೇಶದ ಯಹೂದಿ ತರುಣರನ್ನು ಕರೆತಂದು ಕಳ್ವಾದ ಕೊಳೆಗೇರಿಯ ಮಕ್ಕಳಿಗೆ ಪಾಠ, ಊಟದ ವ್ಯವಸ್ಥೆ ಮಾಡಿತು. ಇನ್ನೊಂದು ಸಂಗತಿ ಹೇಳಲೇಬೇಕು. ಬೆನೆ ಇಸ್ರೇಲರು 1875ರಲ್ಲಿ ತಮ್ಮ ಮಕ್ಕಳಿಗೆಂದು ಒಂದು ಶಾಲೆ ತೆರೆದರು. ಮುಂದೆ ಬಗ್ದಾದ್ ಮೂಲದ ಸರ್ ಎಲೀ ಕದೂರಿಯ ದೇಣಿಗೆಯಿಂದ ಬೆಳೆದು ಮಝಗಾಂವ್‌ನಲ್ಲಿ ಅವನ ಹೆಸರಿನಲ್ಲೇ ನಿಂತಿತು. ಆ ಶಾಲೆಯಲ್ಲಿ ಇಂದು ಓದುವ ಮಕ್ಕಳಲ್ಲಿ ಬಹುಪಾಲು ಮುಸ್ಲಿಮರು. ಕೋಲ್ಕತ್ತಾದ ಯಹೂದಿ ಬಾಲಿಕಾ ಶಾಲೆಯದೂ ಇದೇ ಕಥೆ. ಒಂದು ಸಮುದಾಯ ತನ್ನವರಿಗೆಂದು ಕಟ್ಟಿದ ಶಾಲೆ ತನ್ನವರು ಕಡಿಮೆಯಾದಾಗ ನೆರೆಯವರ ಮಕ್ಕಳಿಗೆ ಬಾಗಿಲು ತೆರೆದಿಟ್ಟಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಯಹೂದಿ ಯುವಕರಿಗೆ ಸುಲಭವಾಗಿ ಸಿಗುವ ಹಣ ರುವಾಂಡಕ್ಕೋ ಮುಂಬಯಿಗೋ ಹೋಗಲು ಅಲ್ಲ, ಇಸ್ರೇಲಿಗೆ ಹೋಗಲು. 1967ರ ಯುದ್ಧದ ಹೊತ್ತಿನಲ್ಲಿ ಸಾವಿರಾರು ತರುಣರು ಅಲ್ಲಿಗೆ ಹೋದರು. ಅನಂತರದ ದಶಕಗಳಲ್ಲಿ ಕಿಬ್ಬುತ್ಸ್ ಎಂಬ ಸಾಮುದಾಯಿಕ ತೋಟಗಳಲ್ಲಿ ಹಣ್ಣು ಕೀಳಲು, ಹಸು ನೋಡಿಕೊಳ್ಳಲು ಬೇರೆ ಬೇರೆ ದೇಶಗಳ ತರುಣರು ಹೋಗುವುದು ರೂಢಿಯಾಯಿತು. ಅವರಲ್ಲಿ ಯಹೂದಿಗಳಲ್ಲದವರೂ ಬಹಳ ಮಂದಿ. ಊಟ, ಕೋಣೆ, ಸ್ವಲ್ಪ ಕೈಖರ್ಚು ಇಷ್ಟೇ ಪ್ರತಿಫಲ. ಆಗ ದೊಡ್ಡ ವಿದ್ಯಾರ್ಥಿವೇತನದ ಅಗತ್ಯವಿರಲಿಲ್ಲ.

1999ರಲ್ಲಿ ಇದು ಬದಲಾಯಿತು. ಚಾರ್ಲ್ಸ್ ಬ್ರಾನ್ಫ್‌ಮನ್ ಮತ್ತು ಮೈಕೆಲ್ ಸ್ಟೈನ್‌ಹಾರ್ಟ್ ಎಂಬ ಇಬ್ಬರು ಕುಬೇರರು ಮುಂದೆ ಬಂದು ಬರ್ತ್‌ರೈಟ್ ಇಸ್ರೇಲ್ ಯೋಜನೆ ಶುರುಮಾಡಿದರು. ದಾನಿಗಳು, ಇಸ್ರೇಲ್ ಸರಕಾರ, ಹೊರದೇಶದ ಯಹೂದಿ ಸಂಸ್ಥೆಗಳು ಖರ್ಚನ್ನು ಹಂಚಿಕೊಂಡವು. ಹದಿನೆಂಟರಿಂದ ಇಪ್ಪತ್ತಾರು ವಯಸ್ಸಿನ ಯಹೂದಿಗಳಿಗೆ ಹತ್ತು ದಿನದ ಪ್ರವಾಸ ಉಚಿತ. ಈವರೆಗೆ 8 ಲಕ್ಷಕ್ಕೂ ಹೆಚ್ಚು ಮಂದಿ ಹೋಗಿಬಂದಿದ್ದಾರೆ. ಈ ಯೋಚನೆಯನ್ನು ಮೊದಲು ಮುಂದಿಟ್ಟವರಲ್ಲಿ ಒಬ್ಬರು, ಓಸ್ಲೋ ಶಾಂತಿ ಮಾತುಕತೆಯ ಹಿಂದಿದ್ದ ಯೋಸ್ಸಿ ಬೇಲಿನ್ ಎಂಬುದು ಚರಿತ್ರೆಯ ವ್ಯಂಗ್ಯ. 2004ರಲ್ಲಿ ಸರಕಾರ ಮತ್ತು ಜ್ಯೂಯಿಷ್ ಏಜೆನ್ಸಿ ಸೇರಿ ಮಸಾ ಎಂಬ ಇನ್ನೊಂದು ಯೋಜನೆ ತಂದವು. ತಿಂಗಳುಗಟ್ಟಲೆ ಇಸ್ರೇಲಿನಲ್ಲಿದ್ದು ಕಲಿಯುವವರಿಗೆ, ಸ್ವಯಂಸೇವೆ ಮಾಡುವವರಿಗೆ ಅದು ಅನುದಾನ ಕೊಡುತ್ತದೆ. ಅಮೆರಿಕದ ಯಾವುದೋ ಪಟ್ಟಣದ ಯಹೂದಿ ತರುಣನ ಬದುಕಿನ ಹಕ್ಕು ಆ ನೆಲದಲ್ಲಿದೆ ಎಂದು ಬರ್ತ್‌ರೈಟ್ ಎಂಬ ಹೆಸರೇ ಸಾರುತ್ತದೆ. ಹೈಫಾದಲ್ಲೋ ಜಾಫಾದಲ್ಲೋ ಹುಟ್ಟಿ, 1948ರಲ್ಲಿ ಮನೆ ಕಳೆದುಕೊಂಡು, ನಿರಾಶ್ರಿತರ ಶಿಬಿರದಲ್ಲಿ ಮುದುಕಿಯಾದ ಪ್ಯಾಲೆಸ್ತೀನಿ ಹೆಂಗಸಿಗೆ ಮಾತ್ರ ಮರಳುವ ಹಕ್ಕಿಲ್ಲ.

2023ರ ಅಕ್ಟೋಬರ್ 7ರ ನಂತರ ಈ ವೈರುಧ್ಯ ಹೊಲಗದ್ದೆಗಳಲ್ಲೇ ಕಾಣಿಸಿಕೊಂಡಿತು. ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು. ಥಾಯ್ಲೆಂಡಿನ ಕೂಲಿಗಳು ಹೆದರಿ ಊರಿಗೆ ಹೋದರು. ಪ್ಯಾಲೆಸ್ತೀನಿ ಕೂಲಿಗಳು ಇಸ್ರೇಲಿನೊಳಗೆ ಬರುವುದನ್ನು ಸರಕಾರ ನಿಲ್ಲಿಸಿತು. ಹಣ್ಣು ತರಕಾರಿ ಗಿಡದಲ್ಲೇ ಕೊಳೆಯತೊಡಗಿದಾಗ, ಹೊರದೇಶಗಳ ಯಹೂದಿ ಯುವಕರು ಸ್ವಯಂಸೇವಕರಾಗಿ ಬಂದರು. ಬರ್ತ್‌ರೈಟ್‌ನಂಥ ಸಂಸ್ಥೆಗಳು ಅವರ ಊಟ ವಸತಿಯ ಏರ್ಪಾಟು ಮಾಡಿದವು. ದುಃಖದಲ್ಲಿರುವ ತಮ್ಮವರಿಗೆ ನೆರವಾಗಬೇಕೆಂಬ ಅವರ ಭಾವನೆ ಪ್ರಾಮಾಣಿಕವಾದದ್ದೇ ಇರಬಹುದು. ಆದರೆ ಅವರು ದುಡಿದ ಎಷ್ಟೋ ಸಾಲುಗಳಲ್ಲಿ ಮೊದಲು ದುಡಿಯುತ್ತಿದ್ದವನು ತಡೆಗೋಡೆಯ ಆಚೆ ಕೂಲಿಯಿಲ್ಲದೆ ಕುಳಿತಿದ್ದನು. ಸೇವೆ ಎಂಬ ಮಾತು ಇಂಥ ಕಡೆ ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಯಹೂದಿ ಯುವಕರೇ ಇದ್ದಾರೆ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. 2018ರಲ್ಲಿ ಕೆಲವು ಅಮೆರಿಕನ್ ತರುಣಿಯರು ಬರ್ತ್‌ರೈಟ್ ಪ್ರವಾಸದ ಮಧ್ಯದಲ್ಲೇ ಬಸ್ಸಿಳಿದು ಪ್ಯಾಲೆಸ್ತೀನಿಯರನ್ನು ಕಾಣಲು ಹೋದರು. ಉಚಿತ ಟಿಕೆಟ್ಟು ಪಡೆದವರು ಕೇಳಬಾರದ ಪ್ರಶ್ನೆಗಳನ್ನು ಕೇಳಿದರು. 1988ರಲ್ಲಿ ಹುಟ್ಟಿದ ರಬ್ಬಿಸ್ ಫಾರ್ ಹ್ಯೂಮನ್ ರೈಟ್ಸ್ ಸಂಘಟನೆ ಪಶ್ಚಿಮ ದಂಡೆಯಲ್ಲಿ ಆಲಿವ್ ಕೊಯ್ಲಿನ ಕಾಲಕ್ಕೆ ಸ್ವಯಂಸೇವಕರನ್ನು ಕರೆದೊಯ್ಯುತ್ತದೆ. ವಸಾಹತುಗಾರರು ಹಲ್ಲೆ ಮಾಡದಂತೆ ಪ್ಯಾಲೆಸ್ತೀನಿ ರೈತರ ಪಕ್ಕದಲ್ಲಿ ನಿಲ್ಲುವುದು ಅವರ ಕೆಲಸ. 2015ರಲ್ಲಿ ಆರಂಭವಾದ ಸೆಂಟರ್ ಫಾರ್ ಜ್ಯೂಯಿಷ್ ನಾನ್‌ವಯಲೆನ್ಸ್ ಹೊರದೇಶದ ಯಹೂದಿಗಳನ್ನು ಹೆಬ್ರಾನಿನ ದಕ್ಷಿಣದ ಗುಡ್ಡಗಳಿಗೆ ಕರೆತಂದು ರೈತರೊಂದಿಗೆ ದುಡಿಸುತ್ತದೆ. ಇಲ್ಲಿಗೆ ಹೋಗುವವರಿಗೆ ಸರಕಾರದ ಅನುದಾನವಿಲ್ಲ, ಕುಬೇರರ ಉಚಿತ ಟಿಕೆಟ್ಟೂ ಇಲ್ಲ. ಏಟು ತಿಂದವರು, ಬಂಧನಕ್ಕೊಳಗಾದವರು ಇದ್ದಾರೆ. ಒಂದೇ ಸಮುದಾಯದ ಇಬ್ಬರು ತರುಣರು ಒಂದೇ ನೆಲಕ್ಕೆ ಕೆಲಸಕ್ಕೆಂದು ಹೋಗುತ್ತಾರೆ. ಒಬ್ಬನಿಗೆ ಬುತ್ತಿ ಸಿದ್ಧವಾಗಿ ಸಿಗುತ್ತದೆ, ಇನ್ನೊಬ್ಬನು ತಾನೇ ಹೊಂದಿಸಿಕೊಳ್ಳಬೇಕು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಎರಡೂ ಕಡೆಯಿಂದ ಇದೆ. ಜಕಾತ್ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಎಂಟು ಬಗೆಯವರನ್ನು ಹೇಳುತ್ತದೆ. ಅದರಲ್ಲಿ ದಾರಿಹೋಕನೂ ಒಬ್ಬ. ನಮ್ಮ ಊರುಗಳಲ್ಲಿ ರಮ್ಜಾನಿನಲ್ಲಿ ಕೂಡುವ ಹಣದಿಂದ ವಿಧವೆಯರಿಗೆ ರೇಷನ್ನು, ಮದರಸಾಗಳಿಗೆ ನೆರವು, ಇತ್ತೀಚೆಗೆ ಹುಡುಗರ ಕಾಲೇಜು ಫೀಸೂ ಸಿಗುತ್ತಿದೆ. ಇದು ಒಳ್ಳೆಯದೇ. ಆದರೆ ಫೀಸು ಪಡೆದು ನರ್ಸಿಂಗೋ ಇಂಜಿನಿಯರಿಂಗೋ ಮುಗಿಸಿದ ಹುಡುಗಿಗೆ, ಒಂದು ವರ್ಷ ನಿನ್ನ ಖರ್ಚು ನಮ್ಮದು, ನಮ್ಮವರಲ್ಲದವರ ಕೇರಿಗೂ ಹೋಗಿ ಕೆಲಸ ಮಾಡಿ ಬಾ ಎಂದು ಹೇಳುವ ಜಮಾತ್ ನಮ್ಮಲ್ಲಿ ಎಷ್ಟಿವೆ? ಹಾಗೆ ಕಳಿಸುವುದಾದರೆ ಹಣ ಯಾರದು, ಅದರ ಹಿಂದೆ ಯಾವ ಷರತ್ತಿದೆ ಎಂದು ಕೇಳುವ ಧೈರ್ಯವೂ ಬೇಕು. ಕೊಲ್ಲಿ ದೇಶಗಳ ಹಣದೊಂದಿಗೆ ಅಲ್ಲಿನ ಮತೀಯ ಬಿಗಿತವೂ ನಮ್ಮ ದರ್ಗಾಗಳ ಅಂಗಳಕ್ಕೆ ಬಂದದ್ದನ್ನು ನಾವು ಕಂಡಿದ್ದೇವೆ.

ತ್ಸೆದಾಕಾ ಮತ್ತು ಸದಕಾ ಒಂದೇ ಬೇರಿನವು. ಆ ಬೇರಿನಲ್ಲಿ ನ್ಯಾಯವೂ ಸತ್ಯವೂ ಇವೆ. ಹೇಮನ್ ಕಟ್ಟಿದ ಗ್ರಾಮದಲ್ಲಿ, ಮಝಗಾಂವಿನ ಶಾಲೆಯಲ್ಲಿ, ಹೆಬ್ರಾನಿನ ಗುಡ್ಡಗಳಲ್ಲಿ ಆಲಿವ್ ಕೀಳುವ ತರುಣರ ನಡುವೆ ಆ ಎರಡೂ ಒಟ್ಟಿಗಿರುವುದನ್ನು ಕಾಣುತ್ತೇವೆ. ಅವರಿಂದ ಕಲಿಯಲು ನಮಗೆ ಸಂಕೋಚ ಬೇಕಿಲ್ಲ. ಇಬ್ನ್ ಮೈಮೂನನೇ ಅರಬಿಯ ಪಂಡಿತರಿಂದ ಕಲಿತವನು.